ಮನೆತನದ ತೋಟದ ಕೆಂಪು ವೈನ್: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಕಲೇಶಪುರ, ಮೂಡಿಗೆರೆ, ಹಾಸನ, ಚಿಕ್ಕಮಗಳೂರು ಕಡೆ ಮಾತಿಗೆ ಸಿಕ್ಕವರು ಮತ್ತು ಪತ್ರ ಬರೆದವರು ಕೇಳುತ್ತಲೇ ಇರುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹಾಗೆಯೇ ಇಟ್ಟಿದ್ದೇವೆ. ಕಾಫಿ ಬಲ್ಲವರಿಗೆ ವೈನ್ ಅರ್ಥವಾಗುವುದು ಕಷ್ಟವಲ್ಲ. ಹಾಗಾಗಿ ಕಾಫಿಯ ಹೋಲಿಕೆ ಅಲ್ಲಲ್ಲಿ ಬರುತ್ತದೆ.

## ಮೊದಲ ಬಾಟಲಿ ಕೊಳ್ಳುವ ಮುಂಚೆ

ವೈನ್ ಶಾಪಿಗೆ ಹೋಗಿ ವೈನ್ ಕೇಳಿದ್ರೆ ಅಂಗಡಿಯವರೇ ಬೆಚ್ಚಿಬೀಳ್ತಾರೆ. ಅಸಲಿಗೆ ವೈನ್ ಅಂದ್ರೆ ಯಾವುದು?

ನಮ್ಮ ಕಡೆ "ವೈನ್ಸ್" ಎಂಬ ಬೋರ್ಡಿನ ಕೆಳಗೆ ಸಿಗುವುದು ಬ್ರಾಂದಿ, ವಿಸ್ಕಿ, ರಮ್. ವೈನ್ ಬೇರೆಯೇ ಪದಾರ್ಥ. ದ್ರಾಕ್ಷಿ ರಸ ಹುದುಗಿದರೆ ವೈನ್, ಅದನ್ನು ಭಟ್ಟಿ ಇಳಿಸಿದರೆ ಬ್ರಾಂದಿ. ಅಗ್ಗದ ಸಿಹಿ "ಪೋರ್ಟ್" ಬಾಟಲಿಗಳೂ ಈ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ಮಾತಾಡುತ್ತಿರುವುದು ಸಿಹಿಯಿಲ್ಲದ, ಊಟದ ಜೊತೆಗಿನ ಕೆಂಪು ವೈನ್ ಬಗ್ಗೆ.

ಕಪ್ಪು ದ್ರಾಕ್ಷಿಯ ರಸಕ್ಕೂ ಬಣ್ಣವಿರುವುದಿಲ್ಲ. ಬಣ್ಣ, ಒಗರು ಎರಡೂ ಸಿಪ್ಪೆಯಲ್ಲಿವೆ. ಅದಕ್ಕೇ ಕೆಂಪು ವೈನನ್ನು ಸಿಪ್ಪೆ, ಬೀಜದ ಸಮೇತ 25–30 ಡಿಗ್ರಿಯಲ್ಲಿ ಒಂದೆರಡು ವಾರ ಹುದುಗಿಸುತ್ತಾರೆ. ಸಿಪ್ಪೆ ಮೇಲೆ ತೇಲಿ ಗಟ್ಟಿ ಪದರ ಕಟ್ಟುತ್ತದೆ. ಅದನ್ನು ದಿನಕ್ಕೆ ಎರಡು ಮೂರು ಸಲ ಒಳಗೆ ಅದುಮದಿದ್ದರೆ ಮೇಲ್ಪದರ ಒಣಗಿ ವಿನೆಗರ್‌ಗೆ ತಿರುಗುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ 1 ಪ್ರತಿಶತ ಆಲ್ಕೋಹಾಲ್ ಆಗುತ್ತದೆ. 24 ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) ಸಿಹಿಗೆ ಕೊಯ್ದ ದ್ರಾಕ್ಷಿಯಿಂದ 13–14 ಪ್ರತಿಶತದ ವೈನ್ ಬರುವ ಲೆಕ್ಕ ಇದೇ.

ಲೇಬಲ್ ಮೇಲೆ "ಎಸ್ಟೇಟ್" ಅಂತಿದ್ರೆ ನಮ್ಮ ಎಸ್ಟೇಟ್ ಕಾಫಿ ಥರಾನೇನಾ?

ಬಹುಪಾಲು ಹೌದು. ತಮ್ಮದೇ ತೋಟದ ಹಣ್ಣು, ತಮ್ಮದೇ ವೈನರಿಯಲ್ಲಿ ತಯಾರಿ, ಅಲ್ಲೇ ಬಾಟಲಿಗೆ ತುಂಬುವುದು. ಫ್ರೆಂಚ್ ಲೇಬಲ್‌ನಲ್ಲಿ "ಮಿಸ್ ಆನ್ ಬುತೇಯ್ ಓ ಶಾತೋ" ಅಥವಾ "ಓ ದೊಮೇನ್", ಇಟಲಿಯದರಲ್ಲಿ "ಇಂಬೊತ್ತಿಲ್ಯಾತೊ ಆಲ್ಲೊರಿಜಿನೆ", ಜರ್ಮನ್‌ನಲ್ಲಿ "ಗುಟ್ಸ್‌ಆಬ್‌ಫ್ಯುಲುಂಗ್" ಎಂಬ ಮಾತು ಹುಡುಕಿ. ಊರೂರಿನ ವೈನ್ ಕೊಂಡು ಬೆರೆಸಿ ಹೆಸರಿಟ್ಟು ಮಾರುವವರು ಈ ಮಾತು ಹಾಕುವಂತಿಲ್ಲ.

ನಮ್ಮ ರಾಜ್ಯದಲ್ಲಿ ಈ ಬಗೆಯ ಕೆಲಸಕ್ಕೆ ಎರಡು ದಿಕ್ಕು ನೋಡಬೇಕು. ಒಂದು ನಂದಿ ಬೆಟ್ಟದ ತಪ್ಪಲು. ಅಲ್ಲಿ ಗ್ರೋವರ್ ಕುಟುಂಬ 1988ರಲ್ಲಿ ಶುರು ಮಾಡಿತು. ಇನ್ನೊಂದು ಹಂಪಿ ಹಿಲ್ಸ್ ಭಾಗ. ಅಲ್ಲಿ ದಂಪತಿಯೊಬ್ಬರು ಕಟ್ಟಿದ ಕೃಸ್ಮಾ ತೋಟವಿದೆ.

"ರಿಸರ್ವ್" ಎಂಬ ಪದಕ್ಕೆ ಮರುಳಾಗಬೇಡಿ. ಸ್ಪೇನ್‌ನಲ್ಲಿ "ರಿಸರ್ವಾ" ಎಂದರೆ ಕೆಂಪು ವೈನನ್ನು ಕನಿಷ್ಠ 3 ವರ್ಷ ಮಾಗಿಸಿರಲೇಬೇಕು, ಅದರಲ್ಲಿ 1 ವರ್ಷ ಓಕ್ ಪೀಪಾಯಿಯಲ್ಲಿ. ಆಸ್ಟ್ರೇಲಿಯಾದ ಬಾಟಲಿ ಮೇಲೆ ಅದೇ ಪದ ಬರೀ ಅಲಂಕಾರವಾಗಿರಬಹುದು.

ಐನೂರಕ್ಕೂ ಬಾಟಲಿ ಸಿಗುತ್ತೆ, ಐದು ಸಾವಿರಕ್ಕೂ ಸಿಗುತ್ತೆ. ದುಡ್ಡು ಹೋಗೋದೆಲ್ಲಿಗೆ?

ಎಲ್ಲದಕ್ಕಿಂತ ಮುಖ್ಯ ಪ್ರಶ್ನೆ ಇದೇ. ಕೊಟ್ಟ ದುಡ್ಡಿನಲ್ಲಿ ಎಷ್ಟು ಪಾಲು ಬಾಟಲಿಯೊಳಗೆ ಇದೆ, ಎಷ್ಟು ಹೊರಗೆ ಹೋಗಿದೆ ಎಂದು ನೋಡಲು ಕಲಿತರೆ ಮೋಸ ಹೋಗುವುದು ಕಡಿಮೆ.

ಮೊದಲು ಹಣ್ಣು. 750 ಮಿಲಿ ಬಾಟಲಿಗೆ ಸುಮಾರು 1.1ರಿಂದ 1.2 ಕಿಲೋ ದ್ರಾಕ್ಷಿ ಬೇಕು. ತಿನ್ನುವ ದ್ರಾಕ್ಷಿಯಾದರೆ ಎಕರೆಗೆ 10 ಟನ್ ದಾಟಿಸಬಹುದು. ಒಳ್ಳೆಯ ಕೆಂಪು ವೈನಿಗೆ 3–4 ಟನ್‌ಗೆ ನಿಲ್ಲಿಸಿ, ಹೆಚ್ಚಾದ ಗೊಂಚಲನ್ನು ಕಾಯಿಯಲ್ಲೇ ಕತ್ತರಿಸಿ ಬಿಸಾಡುತ್ತಾರೆ. ಹೊರೆ ಕಡಿಮೆಯಾದ ಬಳ್ಳಿ ಉಳಿದ ಹಣ್ಣನ್ನು ಚೆನ್ನಾಗಿ ಮಾಗಿಸುತ್ತದೆ. ಅದೇ ಎಕರೆಯಲ್ಲಿ ಫಸಲು ಮೂರರಲ್ಲಿ ಒಂದು ಪಾಲಾಯಿತು ಎಂದರೆ ಹಣ್ಣಿನ ಖರ್ಚು ಮೂರು ಪಟ್ಟು. ಇದು ಬಾಟಲಿಯೊಳಗಿನ ದುಡ್ಡು.

ಆಮೇಲೆ ಪೀಪಾಯಿ. ಸಾಮಾನ್ಯ ಓಕ್ ಪೀಪಾಯಿ 225 ಲೀಟರಿನದು, ಅಂದರೆ 300 ಬಾಟಲಿ. ಹೊಸ ಫ್ರೆಂಚ್ ಓಕ್ ಪೀಪಾಯಿಯ ಬೆಲೆ ಲಕ್ಷ ರೂಪಾಯಿಯ ಆಸುಪಾಸು. ಹೊಸದರಲ್ಲೇ ಮಾಗಿಸಿದರೆ ಬಾಟಲಿಗೆ ಮುನ್ನೂರು ರೂಪಾಯಿ ಮರಕ್ಕೇ ಹೋಯಿತು. ಅದೇ ಪೀಪಾಯಿ ಮೂರನೇ ವರ್ಷದ ಹೊತ್ತಿಗೆ ವಾಸನೆ ಬಿಡುವುದನ್ನು ಬಹುತೇಕ ನಿಲ್ಲಿಸುತ್ತದೆ, ಆದರೆ ವೈನನ್ನು ಮೆದುವಾಗಿಸುವ ಕೆಲಸ ಮಾಡುತ್ತಲೇ ಇರುತ್ತದೆ. ಜಾಣ ಕುಟುಂಬಗಳು ಹೊಸದನ್ನು ಸ್ವಲ್ಪ, ಹಳೆಯದನ್ನು ಹೆಚ್ಚು ಬಳಸುತ್ತವೆ. ಅಗ್ಗದ ವೈನಿನಲ್ಲಿ ವೆನಿಲ್ಲಾ ವಾಸನೆ ಮೂಗಿಗೆ ಹೊಡೆದರೆ ಅದು ಸಾಮಾನ್ಯವಾಗಿ ಓಕ್ ಚೂರು ನೆನೆಸಿದ್ದರ ಫಲ. ಕೆಟ್ಟ ಬೀಜವನ್ನು ಕಪ್ಪಗೆ ಹುರಿದು ಚಿಕೋರಿ ಬೆರೆಸಿದ ಹಾಗೆ.

ಮೂರನೆಯದು ಹೊರಗಿನ ದುಡ್ಡು: ತೂಕದ ಬಾಟಲಿ, ಆಳವಾದ ತಳ, ಮರದ ಪೆಟ್ಟಿಗೆ, ಜಾಹೀರಾತು. ಇದರಿಂದ ರುಚಿ ಒಂದಿಷ್ಟೂ ಬದಲಾಗುವುದಿಲ್ಲ.

ಹಾಗಾಗಿ ನಮ್ಮ ಸಲಹೆ: ತೋಟದವರ ತೀರಾ ಅಗ್ಗದ್ದೂ ಬೇಡ, ಶಿಖರದ ಬಾಟಲಿಯೂ ಬೇಡ. ಅದೇ ತೋಟದ ನಡುವಿನ ದರ್ಜೆ ಹಿಡಿಯಿರಿ. ಅದೇ ಮಣ್ಣು, ಅದೇ ಕೈ, ಹೊಸ ಪೀಪಾಯಿಯ ಭಾರ ಕಡಿಮೆ.

ಏನೇ ಹೇಳಿ, ಫಾರಿನ್ ವೈನೇ ಒಳ್ಳೇದಲ್ವಾ?

ಒಂದೇ ಬೆಲೆಯಲ್ಲಿ ಹೋಲಿಸಿದರೆ ಸಾಮಾನ್ಯವಾಗಿ ಅಲ್ಲ. ಆಮದು ವೈನಿನ ಮೇಲೆ ಬಹುಕಾಲದಿಂದ ಇದ್ದ ಸುಂಕ 150 ಪ್ರತಿಶತ. ಬಂದರಿಗೆ 600 ರೂಪಾಯಿಗೆ ಬಂದಿಳಿದ ಬಾಟಲಿ ಈ ದರದಲ್ಲಿ 1500 ಆಗುತ್ತದೆ. ರಾಜ್ಯದ ತೆರಿಗೆ, ಅಂಗಡಿಯ ಲಾಭ ಆಮೇಲಿನ ಮಾತು. ಎರಡು ಸಾವಿರ ಕೊಟ್ಟು ನೀವು ಕುಡಿಯುವುದು ಆರುನೂರರ ವೈನನ್ನು. ಆಸ್ಟ್ರೇಲಿಯಾದ ಜೊತೆಗಿನ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಮೇಲೆ 5 ಅಮೆರಿಕನ್ ಡಾಲರ್ ಮೀರಿದ ಬಾಟಲಿಗಳಿಗೆ ಸುಂಕ 100ಕ್ಕೆ, 15 ಡಾಲರ್ ಮೀರಿದವಕ್ಕೆ 75ಕ್ಕೆ ಇಳಿಯಿತು. ಮುಂದೆ ಹಂತ ಹಂತವಾಗಿ ಇನ್ನೂ ಇಳಿಯುವ ಏರ್ಪಾಡಿದೆ. ಹೊರದೇಶದ್ದೇ ಬೇಕೆಂದರೆ ಹೆಸರಾಂತ ಊರುಗಳನ್ನು ಬಿಟ್ಟು ಸ್ಪೇನ್, ಪೋರ್ಚುಗಲ್, ದಕ್ಷಿಣ ಫ್ರಾನ್ಸ್, ಚಿಲಿ ನೋಡಿ.

ಮಗನಿಗೆ ಹತ್ತೊಂಬತ್ತು. ಗೋವಾದಲ್ಲಿ ಕೊಟ್ರಂತೆ, ಇಲ್ಲಿ ಕೊಡಲ್ವಾ?

ಗೋವಾದಲ್ಲಿ 18. ಇಲ್ಲಿ ಅಂಗಡಿ, ಬಾರ್‌ಗಳಿಗೆ ಇರುವ ನಿಯಮ 21. ವೈನಿಗೆ ರಿಯಾಯಿತಿ ಇಲ್ಲ.

## ಮನೆಗೆ ತಂದ ಮೇಲೆ

ಬೆಂಗಳೂರಿಂದ ಆರು ಬಾಟಲಿ ತಂದೆ. ತೋಟದ ಮನೇಲಿ ಎಲ್ಲಿ ಇಡ್ಲಿ?

ತಂದ ದಾರಿಯಿಂದಲೇ ಶುರು ಮಾಡೋಣ. ಏಪ್ರಿಲ್ ಬಿಸಿಲಲ್ಲಿ ಕಾರು ನಿಲ್ಲಿಸಿ ಊಟಕ್ಕೆ ಹೋದರೆ ಡಿಕ್ಕಿ ಒಲೆಯಂತಾಗುತ್ತದೆ. ವೈನ್ ಹಿಗ್ಗಿ ಕಾರ್ಕನ್ನು ಮೇಲೆ ತಳ್ಳುತ್ತದೆ. ತಣಿದಾಗ ಆ ಸಂದಿನಲ್ಲಿ ಗಾಳಿ ಒಳಗೆ ಹೋಗುತ್ತದೆ. ಬಾಟಲಿಗಳನ್ನು ಸೀಟಿನ ಕಾಲ ಬುಡದಲ್ಲಿಟ್ಟು ಎ.ಸಿ. ಹಾಕಿ ತನ್ನಿ.

ಮನೆಯಲ್ಲಿ ಬೇಕಾದದ್ದು ಕತ್ತಲೆ, ಅಲುಗಾಟವಿಲ್ಲದ ಜಾಗ, 12ರಿಂದ 18 ಡಿಗ್ರಿಯ ತಂಪು. ತಂಪಿಗಿಂತಲೂ ಏರಿಳಿತ ಇಲ್ಲದಿರುವುದು ಮುಖ್ಯ. ಹಳೆಯ ತೊಟ್ಟಿಮನೆಯ ನಡುಕೋಣೆ, ಮೆಟ್ಟಿಲ ಕೆಳಗಿನ ಗೂಡು, ಉತ್ತರದ ಗೋಡೆಗೆ ಅಂಟಿದ ಕಪಾಟು ಒಳ್ಳೆಯವು. ಅಟ್ಟ ಬೇಡ, ಹೆಂಚಿನ ಕಾವು ನೇರ ತಟ್ಟುತ್ತದೆ. ಬಚ್ಚಲ ಹಂಡೆಯ ಪಕ್ಕ ಬೇಡ. ಮೆಣಸು, ಕಾಫಿ, ಗೊಬ್ಬರ, ಸೀಮೆಎಣ್ಣೆ ಇಡುವ ಗೋಡೌನೂ ಬೇಡ, ವಾಸನೆ ಕಾರ್ಕಿನ ಮೂಲಕ ಇಳಿಯಬಹುದು.

ಕಾರ್ಕಿನ ಬಾಟಲಿಯನ್ನು ಮಲಗಿಸಿಡಿ. ನಿಲ್ಲಿಸಿದರೆ ಕಾರ್ಕು ಒಣಗಿ ಕುಗ್ಗುತ್ತದೆ. ತಿರುಪು ಮುಚ್ಚಳದ್ದು ಹೇಗಿಟ್ಟರೂ ಸರಿ. ಮಲೆನಾಡಿನ ಮಳೆಗಾಲದಲ್ಲಿ ಲೇಬಲ್ ಮೇಲೆ ಬೂಷ್ಟು ಬರುತ್ತದೆ, ಒಳಗಿನ ವೈನಿಗೆ ಅದರಿಂದ ಏನೂ ಆಗದು. ಒಣಬಟ್ಟೆಯಲ್ಲಿ ಒರೆಸಿ ತೆಳು ಪ್ಲಾಸ್ಟಿಕ್ ಸುತ್ತಿದರೆ ಲೇಬಲ್ಲೂ ಉಳಿಯುತ್ತದೆ.

ರೆಡ್ ವೈನ್ ರೂಮ್ ಟೆಂಪರೇಚರಲ್ಲೇ ಕುಡೀಬೇಕಂತಲ್ಲ. ನಮಗೆ ಯಾಕೋ ಗಂಟಲು ಸುಟ್ಟ ಹಾಗಾಗುತ್ತೆ.

ಆ ಮಾತು ಚಳಿ ಸೀಮೆಯ ಕಲ್ಲುಮನೆಯಲ್ಲಿ ಹುಟ್ಟಿದ್ದು, ಮಾರ್ಚ್ ತಿಂಗಳ ಹಾಸನಕ್ಕೆ ಹೊಂದದು. 28 ಡಿಗ್ರಿಯಲ್ಲಿ ಆಲ್ಕೋಹಾಲಿನ ಘಾಟು ಮುಂದೆ ಬಂದು ಹಣ್ಣಿನ ಪರಿಮಳ ಹಿಂದೆ ಸರಿಯುತ್ತದೆ. 16–18 ಡಿಗ್ರಿ ಸರಿ. ಫ್ರಿಜ್ಜಿನಲ್ಲಿ ಒಂದು ಗಂಟೆಗೂ ಸ್ವಲ್ಪ ಹೆಚ್ಚು ಇಡಿ. ಅವಸರವಾದರೆ ಬಕೆಟ್ಟಿಗೆ ಅರ್ಧ ಐಸ್, ಅರ್ಧ ನೀರು ಹಾಕಿ ಹತ್ತು ಹನ್ನೆರಡು ನಿಮಿಷ ಮುಳುಗಿಸಿ. ಬರೀ ಐಸ್ ಹಾಕಿದರೆ ಗಾಜಿಗೆ ಪೂರ್ತಿ ತಾಗದೆ ಹೊತ್ತು ಹಿಡಿಯುತ್ತದೆ. ಡಿಸೆಂಬರಿನ ಚಿಕ್ಕಮಗಳೂರಲ್ಲಿ ಇದ್ಯಾವುದೂ ಬೇಡ, ಕಪಾಟಿನಿಂದ ತೆಗೆದು ಬಗ್ಗಿಸಿ.

ಕಾರ್ಕ್ ಅರ್ಧಕ್ಕೇ ಮುರಿದೋಯ್ತು. ಈಗೇನ್ಮಾಡೋದು?

ಕಾರ್ಕ್ ತೆಗೆಯುವ ತಿರುಪನ್ನು ನಡುವಿಗೆ ಚುಚ್ಚದೆ ಓರೆಯಾಗಿ ಇಳಿಸಿದ್ದಕ್ಕೆ, ಅಥವಾ ಮೇಲಷ್ಟೇ ಎರಡು ಸುತ್ತು ತಿರುಗಿಸಿ ಎಳೆದಿದ್ದಕ್ಕೆ ಹೀಗಾಗುವುದು. ಒಂದು ಸುತ್ತು ಮಾತ್ರ ಹೊರಗುಳಿಯುವ ತನಕ ಇಳಿಸಬೇಕು. ಮುರಿದು ಉಳಿದ ತುಂಡಿಗೆ ಮಾತ್ರ ತಿರುಪನ್ನು ಓರೆಯಾಗಿ ಮತ್ತೆ ಇಳಿಸಿ ನಿಧಾನಕ್ಕೆ ಎಳೆಯಿರಿ. ಬಾರದಿದ್ದರೆ ಒಳಗೆ ತಳ್ಳಿ, ಟೀ ಸೋಸುವ ಜಾಲರಿಯಲ್ಲಿ ಸೋಸಿ ಜಗ್ಗಿಗೆ ಬಗ್ಗಿಸಿ. ಕಾಫಿ ಫಿಲ್ಟರಿನಲ್ಲಿ ಮಾತ್ರ ಬೇಡ. ಎಷ್ಟು ತೊಳೆದರೂ ಅದರಲ್ಲಿ ಡಿಕಾಕ್ಷನ್ ವಾಸನೆ ಇದ್ದೇ ಇರುತ್ತದೆ.

ಮುಚ್ಚಳ ತೆಗೆದು ಒಂದು ಗಂಟೆ "ಉಸಿರಾಡಕ್ಕೆ" ಬಿಡ್ಬೇಕಂತೆ, ನಿಜಾನಾ?

ಬಾಯಿ ತೆರೆದಿಟ್ಟ ಮಾತ್ರಕ್ಕೆ ಏನೂ ಆಗುವುದಿಲ್ಲ. ಕತ್ತಿನಲ್ಲಿ ಗಾಳಿ ತಾಗುವುದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ. ಅಗಲ ಬಾಯಿಯ ಗಾಜಿನ ಜಗ್ಗಿಗೆ ಸುರಿಯಿರಿ. ಒಗರು ಜಾಸ್ತಿಯಿರುವ ಎಳೆಯ ಕ್ಯಾಬರ್ನೇ, ಶಿರಾಜ್ ತಳಿಯ ವೈನ್ ಆದರೆ ಒಂದು ಗಂಟೆ ಬಿಡಿ. ಹತ್ತು ವರ್ಷ ದಾಟಿದ್ದನ್ನು ಕುಡಿಯುವಾಗಲೇ ತೆರೆಯಿರಿ, ಅದರ ಪರಿಮಳ ಬೇಗ ಹಾರಿಹೋಗುತ್ತದೆ. ಲೋಟ ಸ್ಟೀಲಿನದು ಬೇಡ. ಬಾಯಿ ಕಿರಿದಾದ ಗಾಜಿನ ಲೋಟದಲ್ಲಿ ಮೂರನೇ ಒಂದು ಭಾಗ ಮಾತ್ರ ತುಂಬಿ.

ಇಬ್ರೇ ಇರೋದು, ಅರ್ಧ ಉಳಿಯುತ್ತೆ. ಎಷ್ಟು ದಿನ ಇಡಬಹುದು?

ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ. ಇನ್ನೂ ಒಳ್ಳೆಯ ದಾರಿ: ತೆರೆದ ಕೂಡಲೇ ಅರ್ಧವನ್ನು 375 ಮಿಲಿಯ ತೊಳೆದ ಬಾಟಲಿಗೆ ಕಂಠಪೂರ್ತಿ ತುಂಬಿ ಮುಚ್ಚಿಬಿಡಿ. ಒಳಗೆ ಗಾಳಿಗೆ ಜಾಗವಿಲ್ಲದ ಕಾರಣ ವಾರವಾದರೂ ತಾಳುತ್ತದೆ. ಅದೂ ಮೀರಿದರೆ ಮಟನ್ ಬೇಯಿಸುವಾಗ ಹಾಕಿ.

## ಊಟದ ಜೊತೆ

ನಾಟಿ ಕೋಳಿ ಸಾರು, ಪಂದಿ ಕರಿ ಜೊತೆ ಯಾವುದು ಹೊಂದುತ್ತೆ?

ಖಾರ ಮತ್ತು ಒಗರು ಒಂದಕ್ಕೊಂದು ಉರಿ ಹಚ್ಚುತ್ತವೆ. ಬ್ಯಾಡಗಿ, ಗುಂಟೂರು ಮೆಣಸಿನಕಾಯಿ ಜೋರಾಗಿರುವ ಸಾರಿಗೆ 14.5 ಪ್ರತಿಶತದ ಗಟ್ಟಿ ಕ್ಯಾಬರ್ನೇ ಕೊಟ್ಟರೆ ಬಾಯಿ ಬೆಂಕಿಯಾಗುತ್ತದೆ. 12.5–13ರ, ಒಗರು ಕಡಿಮೆಯ, ಹಣ್ಣಿನ ಗುಣ ಹೆಚ್ಚಿರುವ ವೈನನ್ನು ಸ್ವಲ್ಪ ತಣ್ಣಗೆ ಕೊಡಿ. ಗ್ರೆನಾಶ್, ಟೆಂಪ್ರಾನಿಯೋ ತಳಿಯವು, ಓಕ್ ಕಾಣದ ಶಿರಾಜ್ ಸರಿ.

ಪಂದಿ ಕರಿಯ ಕಥೆ ಬೇರೆ. ಅದರ ಜೀವ ಇರುವುದು ಕಾಳುಮೆಣಸು ಮತ್ತು ಕಾಚಂಪುಳಿಯಲ್ಲಿ. ಶಿರಾಜ್ ವೈನಿನ ಮೆಣಸಿನ ಪರಿಮಳಕ್ಕೆ ರೋಟಂಡೋನ್ ಎಂಬ ವಸ್ತು ಕಾರಣವೆಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿದರು. ನಮ್ಮ ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯ ಮೆಣಸಿನಲ್ಲೂ ಇರುವುದು ಅದೇ ವಸ್ತು. ಹೋಲಿಕೆ ಬಾಯಿಮಾತಿನದಲ್ಲ, ಅಕ್ಷರಶಃ ಒಂದೇ ಅಣು. ಐದು ಜನರಲ್ಲಿ ಒಬ್ಬರಿಗಂತೂ ಅದರ ವಾಸನೆ ಗೊತ್ತೇ ಆಗುವುದಿಲ್ಲ, ಹಾಗಾಗಿ "ಎಲ್ಲಿದೆ ಮೆಣಸು" ಎನ್ನುವವರ ಜೊತೆ ಜಗಳ ಬೇಡ. ಹಂದಿಯ ಕೊಬ್ಬು ಒಗರನ್ನು ಮೆದು ಮಾಡುತ್ತದೆ, ಕಾಚಂಪುಳಿಯ ಹುಳಿಗೆ ವೈನಿನಲ್ಲೂ ಹುಳಿ ಇರಬೇಕು. ತಂಪು ಜಾಗದಲ್ಲಿ ಬೆಳೆದ ಶಿರಾಜ್ ಎರಡನ್ನೂ ಕೊಡುತ್ತದೆ.

ಮೀನು ಸಾರಿಗೆ ರೆಡ್ ವೈನ್ ಕುಡಿದ್ರೆ ತುಕ್ಕು ರುಚಿ ಬರುತ್ತೆ. ನಮ್ಮ ನಾಲಿಗೆ ಸರಿ ಇಲ್ವಾ?

ನಾಲಿಗೆ ಸರಿಯಾಗೇ ಇದೆ. ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯೊಂದಿಗೆ ಸೇರಿ ಆ ಕೆಟ್ಟ ವಾಸನೆ ಹುಟ್ಟಿಸುತ್ತದೆ ಎಂದು ಜಪಾನಿನ ಸಂಶೋಧಕರು 2009ರಲ್ಲಿ ಕಂಡುಕೊಂಡರು. ಬಂಗುಡೆ, ಬೂತಾಯಿಯಂಥ ಎಣ್ಣೆ ಮೀನಿಗೆ ಬಿಳಿ ವೈನ್ ಇರಲಿ.

ನಾವು ಮಾಂಸ ತಿನ್ನಲ್ಲ. ನಮಗೇನಿದೆ?

ಮಳೆಗಾಲದ ಅಣಬೆ ಪಲ್ಯ, ಕಳಲೆ, ಎಣ್ಣೆಗಾಯಿ, ಹುರಿದ ಗೋಡಂಬಿ ಚೆನ್ನಾಗಿ ಹೊಂದುತ್ತವೆ. ಮೊಸರನ್ನ, ಮಜ್ಜಿಗೆಹುಳಿಗೆ ಕೆಂಪು ವೈನ್ ಹೊಂದದು. ಒಂದು ಮಾತು ಗೊತ್ತಿರಲಿ: ವೈನ್ ತಿಳಿಗೊಳಿಸಲು ಕೆಲವರು ಮೊಟ್ಟೆಯ ಬಿಳಿ, ಜೆಲಾಟಿನ್ ಬಳಸುತ್ತಾರೆ. ಆಮೇಲೆ ಅದನ್ನು ತೆಗೆದುಬಿಡುತ್ತಾರಾದರೂ, ಮಡಿ ಮಾಡುವವರು "ವೀಗನ್" ಎಂದು ಬರೆದಿರುವುದನ್ನೇ ಕೊಳ್ಳಲಿ.

## ಕೆಟ್ಟಿದೆಯೋ, ಇಲ್ಲವೋ

ವಾಸನೆ ಒಂಥರಾ ಇದೆ. ಕೆಟ್ಟೋಗಿದೆ ಅಂತ ಹೇಗೆ ಗೊತ್ತಾಗುತ್ತೆ?

ನೆನೆದ ಗೋಣಿಚೀಲದ ಮುಗ್ಗಲು ವಾಸನೆ ಬಂದರೆ ಕಾರ್ಕಿನ ದೋಷ. ಟಿಸಿಎ ಎಂಬ ವಸ್ತು ಇದಕ್ಕೆ ಕಾರಣ. ಮಳೆಗೆ ಸಿಕ್ಕ ಕಾಫಿ ಚೀಲದ ವಾಸನೆ ಬಲ್ಲವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಷ್ಟು ಹೊತ್ತು ಬಿಟ್ಟರೂ ಹೋಗದು, ಉಳಿದ ವೈನ್ ಮತ್ತು ಬಿಲ್ಲಿನ ಸಮೇತ ಅಂಗಡಿಗೆ ವಾಪಸ್ ಕೊಡಿ.

ನೇಲ್ ಪಾಲಿಶ್ ಅಥವಾ ವಿನೆಗರ್ ವಾಸನೆಯಿದ್ದರೆ ಗಾಳಿಯೂ ಬ್ಯಾಕ್ಟೀರಿಯಾವೂ ಸೇರಿ ಕೆಡಿಸಿವೆ. ಬಣ್ಣ ಇಟ್ಟಿಗೆ ಕಂದಾಗಿ, ಕೊಯ್ದಿಟ್ಟ ಸೇಬಿನ ವಾಸನೆ ಬಂದರೆ ಗಾಳಿ ಹೊಕ್ಕಿದೆ. ದನದ ಕೊಟ್ಟಿಗೆಯ ವಾಸನೆ ಬ್ರೆಟ್ ಎಂಬ ಯೀಸ್ಟಿನದು. ಸ್ವಲ್ಪವಿದ್ದರೆ ಕೆಲವರು ಇಷ್ಟಪಡುತ್ತಾರೆ, ಹೆಚ್ಚಾದರೆ ಯಾರಿಗೂ ಆಗದು.

ಕೊಳೆತ ಮೊಟ್ಟೆ ಅಥವಾ ಗೀರಿದ ಬೆಂಕಿಕಡ್ಡಿಯ ವಾಸನೆ ಮಾತ್ರ ವಾಸಿಯಾಗುವಂಥದ್ದು. ಜಗ್ಗಿಗೆ ಸುರಿದು ತಿರುವಿ. ಹೋಗದಿದ್ದರೆ ಚೆನ್ನಾಗಿ ಉಜ್ಜಿದ ತಾಮ್ರದ ಚಮಚದಲ್ಲಿ ಅರ್ಧ ನಿಮಿಷ ಕದಡಿ ತೆಗೆಯಿರಿ. ಗಂಧಕದ ಅಂಶವನ್ನು ತಾಮ್ರ ಹಿಡಿದುಕೊಳ್ಳುತ್ತದೆ. ಚಮಚವನ್ನು ಒಳಗೇ ಬಿಡಬೇಡಿ, ತಾಮ್ರ ಕರಗುತ್ತದೆ. ದೇವರ ಕೋಣೆಯ ಉದ್ಧರಣೆಗೆ ಕೈ ಹಾಕಿದರೆ ಮನೆಯವರ ಹತ್ತಿರ ಬೈಸಿಕೊಳ್ಳುವುದು ನಿಮ್ಮ ಪಾಲು.

ತಳದಲ್ಲಿ ಗಾಜಿನ ಪುಡಿ ಥರ ಹರಳಿದೆ!

ಅದು ದ್ರಾಕ್ಷಿಯ ಹುಳಿಯೇ ತಣ್ಣಗಾಗಿ ಹರಳುಗಟ್ಟಿದ್ದು, ಅಪಾಯವಿಲ್ಲ. ಕಪ್ಪು ಗಸಿಯೂ ಅಷ್ಟೇ. ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ ನಿಧಾನಕ್ಕೆ ಬಗ್ಗಿಸಿ, ಕೊನೆಯ ಎರಡು ಗುಟುಕು ಬಿಟ್ಟುಬಿಡಿ.

ರೆಡ್ ವೈನ್ ಕುಡಿದ್ರೆ ತಲೆನೋವು. ಅದರಲ್ಲಿ ಹಾಕೋ ಸಲ್ಫೈಟ್ ಕಾರಣ ಅಂತಾರೆ.

ಸಾಮಾನ್ಯವಾಗಿ ಅಲ್ಲ. ವೈನ್ ಕೆಡದಂತೆ ಹಾಕುವ ಈ ಗಂಧಕದ ಅಂಶಕ್ಕೆ ಯುರೋಪಿನ ನಿಯಮದಂತೆ ಸಿಹಿಯಿಲ್ಲದ ಕೆಂಪು ವೈನಿನಲ್ಲಿ ಲೀಟರಿಗೆ 150 ಮಿ.ಗ್ರಾಂ. ಮಿತಿ, ಬಿಳಿಯದಕ್ಕೆ 200. ಸಲ್ಫೈಟೇ ಕಾರಣವಾಗಿದ್ದರೆ ಬಿಳಿ ವೈನಿಗೆ ತಲೆ ಇನ್ನೂ ಜೋರಾಗಿ ನೋಯಬೇಕಿತ್ತು. ಪಾಯಸಕ್ಕೆ ಹಾಕುವ ಹೊಂಬಣ್ಣದ ಒಣದ್ರಾಕ್ಷಿಗೂ ಗಂಧಕದ ಉಪಚಾರ ಆಗಿರುತ್ತದೆ. ಆದರೆ ಉಬ್ಬಸ ಇರುವವರು ಹುಷಾರಾಗಿರಬೇಕು. ಬಹುಪಾಲು ಜನರ ತಲೆನೋವಿಗೆ ಆಲ್ಕೋಹಾಲ್, ಖಾಲಿ ಹೊಟ್ಟೆ, ನೀರು ಕುಡಿಯದಿರುವುದು ಇಷ್ಟೇ ಸಾಕು.

ಹಾರ್ಟಿಗೆ ಒಳ್ಳೇದು ಅಂತ ನಮ್ಮ ಮಾವ ದಿನಾ ಕುಡೀತಾರೆ.

ಔಷಧಿಯೆಂದು ಕುಡಿಯುವುದು ಬೇಡ ಎನ್ನಿ. ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. 150 ಮಿಲಿಯ ಒಂದು ಲೋಟದಲ್ಲಿ ಸುಮಾರು 16 ಗ್ರಾಂ ಆಲ್ಕೋಹಾಲ್ ಇರುತ್ತದೆ. ರಕ್ತದ 100 ಮಿಲಿಯಲ್ಲಿ 30 ಮಿ.ಗ್ರಾಂ. ಮೀರಿದರೆ ಗಾಡಿ ಓಡಿಸುವುದು ಅಪರಾಧ. ಎರಡನೇ ಲೋಟ ಇಳಿಸಿ ಚಾರ್ಮಾಡಿ ಘಾಟಿ ಇಳಿಯುವ ಮಾತೇ ಬೇಡ.

## ಇನ್ನೂ ಒಳಗಿನ ಪ್ರಶ್ನೆಗಳು

ಇಟ್ಟಷ್ಟೂ ರುಚಿ ಅಂತಾರಲ್ಲ, ಮಗಳ ಮದುವೆ ತನಕ ಇಡ್ಲಾ?

ಎರಡು ಸಾವಿರದೊಳಗಿನ ಬಹುತೇಕ ಕೆಂಪು ವೈನ್ ಕೊಯ್ಲಿನಿಂದ ಮೂರರಿಂದ ಐದು ವರ್ಷದೊಳಗೆ ಕುಡಿಯಲೆಂದೇ ಮಾಡಿದ್ದು. ಆಮೇಲೆ ಹಣ್ಣು ಮಾಸಿ ಬರೀ ಹುಳಿ ಉಳಿಯುತ್ತದೆ. ದೀರ್ಘಕಾಲ ಬಾಳಬೇಕಾದರೆ ಅಡಿಕೆ ಚೊಗರಿನಂಥ ಒಗರು, ಚುರುಕಾದ ಹುಳಿ, ದಟ್ಟ ಹಣ್ಣು ಮೂರೂ ಎಳವೆಯಲ್ಲೇ ಇರಬೇಕು. ಲೇಬಲ್ ಮೇಲಿನ ವರ್ಷ ಕೊಯ್ಲಿನದು. ನಮ್ಮಲ್ಲಿ ಕೊಯ್ಲು ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಯುರೋಪಿನಲ್ಲಿ ಸೆಪ್ಟೆಂಬರ್ ಹೊತ್ತಿಗೆ. ಒಂದೇ ವರ್ಷ ಬರೆದಿದ್ದರೂ ನಮ್ಮದು ಆರು ತಿಂಗಳು ದೊಡ್ಡದು.

"ಸೆಕೆಂಡ್ ವೈನ್" ಅಂದ್ರೆ ಸೆಕೆಂಡ್ಸ್ ಮಾಲಾ?

ಅಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯ ದೊಡ್ಡ ತೋಟಗಳು ಎಳೆಯ ಬಳ್ಳಿಯ ಹಣ್ಣನ್ನು, ಮುಖ್ಯ ವೈನಿನ ಬೆರಕೆಗೆ ಆರಿಸದ ಪೀಪಾಯಿಗಳನ್ನು ಬೇರೆ ಹೆಸರಲ್ಲಿ ಬಾಟಲಿಗೆ ತುಂಬುತ್ತವೆ. ಗ್ರೇಡಿಂಗ್‌ನಲ್ಲಿ ಎಎ ಬದಲು ಎ ಆಗಿದೆ ಅಂದುಕೊಳ್ಳಿ. ಒಳ್ಳೆಯ ವರ್ಷದ ಸೆಕೆಂಡ್ ವೈನ್ ಕೊಟ್ಟ ದುಡ್ಡಿಗೆ ಮೋಸವಿಲ್ಲ, ಕುಡಿಯಲೂ ಬೇಗ ಸಿದ್ಧ. ಕೆಟ್ಟ ವರ್ಷದಲ್ಲಿ ಮುಖ್ಯ ವೈನಿನಿಂದ ಬಿಟ್ಟಿದ್ದೆಲ್ಲ ಇದಕ್ಕೇ ಬಂದು ಬೀಳುತ್ತದೆ, ಆಗ ಕೈ ಹಾಕಬೇಡಿ.

ಹೋಮ್‌ಸ್ಟೇ ಇದೆ. ಮನೇಲೇ ಮಾಡಿದ ವೈನ್ ಗೆಸ್ಟ್‌ಗಳಿಗೆ ಮಾರಬಹುದಾ?

ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು, ಮಾರುವುದು ಎರಡೂ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. "ಹೋಮ್‌ಮೇಡ್" ಎಂದು ಚೀಟಿ ಅಂಟಿಸಿದರೂ ಅಷ್ಟೇ.

ಕಾಫಿ ರೇಟು ನಂಬಕ್ಕಾಗಲ್ಲ. ಎರಡೆಕರೆಗೆ ವೈನ್ ದ್ರಾಕ್ಷಿ ಹಾಕಿದ್ರೆ?

ತೋಟ ಮೂಡಿಗೆರೆ, ಸಕಲೇಶಪುರ ಕಡೆಯಾದರೆ ಬೇಡ. ವರ್ಷಕ್ಕೆ 2000 ಮಿ.ಮೀ. ದಾಟುವ ಮಳೆ, ತಿಂಗಳುಗಟ್ಟಲೆ ಒದ್ದೆ ಎಲೆ, ನೆರಳು: ಬೂಜುತುಪ್ಪಟ ರೋಗಕ್ಕೆ ಇದಕ್ಕಿಂತ ಒಳ್ಳೆಯ ಮನೆ ಬೇರಿಲ್ಲ. ಮದ್ದು ಹೊಡೆದ ಮರುದಿನ ಮಳೆ ತೊಳೆದಿರುತ್ತದೆ. ಹಣ್ಣಾಗುವ ಹೊತ್ತಿಗೆ ಪಿಕಳಾರಗಳ ಪಾಲು, ಆನೆ ಓಡಾಡುವ ಕಡೆ ಕಂಬ ತಂತಿಯ ಗತಿ ನಿಮಗೇ ಗೊತ್ತು.

ಕಡೂರು, ಅರಸೀಕೆರೆಯ ಬಯಲಾದರೆ ಮಾತು ಬೇರೆ. ಅಲ್ಲಿ ಮಳೆ 600–700 ಮಿ.ಮೀ. ಆಸುಪಾಸು, ಕೊಯ್ಲಿನ ತಿಂಗಳುಗಳು ಒಣ. ಡಾಗ್‌ರಿಡ್ಜ್ ಅಥವಾ 110 ಆರ್ ಬೇರುಗಿಡಕ್ಕೆ ಕಸಿ ಕಟ್ಟಬೇಕು. ಏಪ್ರಿಲ್‌ನಲ್ಲಿ ಒಂದು ಸವರು, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಫಸಲಿಗಾಗಿ ಇನ್ನೊಂದು. ಹನಿ ನೀರಾವರಿ, ಕಂಬ, ತಂತಿಯ ಖರ್ಚು ಮೊದಲ ವರ್ಷವೇ ಬರುತ್ತದೆ. ಹೇಳಿಕೊಳ್ಳುವ ಫಸಲು ಮೂರನೇ ವರ್ಷಕ್ಕೆ.

ಇಷ್ಟಾದರೂ ನಿಜವಾದ ಗಂಡಾಂತರ ಕೊಳ್ಳುವವರು ಸಿಗದಿರುವುದು. ಕ್ಯಾಬರ್ನೇ ಹಣ್ಣು ಚಿಕ್ಕದು, ಬೀಜ ತುಂಬಿದ್ದು, ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ. ಕಾಫಿಯಂತೆ ಒಣಗಿಸಿ ರೇಟು ಬರುವ ತನಕ ಇಡಲೂ ಆಗದು, ಕೊಯ್ದ ದಿನವೇ ವೈನರಿ ತಲುಪಬೇಕು. ಮಹಾರಾಷ್ಟ್ರದಲ್ಲಿ 2009ರ ನಂತರ ವೈನರಿಗಳು ಕೊಳ್ಳುವುದು ನಿಲ್ಲಿಸಿದಾಗ ರೈತರು ಬಳ್ಳಿಯನ್ನೇ ಕಿತ್ತುಹಾಕಿದರು. ಆದ್ದರಿಂದ ತಳಿ, ಬ್ರಿಕ್ಸ್, ಕಿಲೋ ಬೆಲೆ, ಎಷ್ಟು ವರ್ಷ ಎನ್ನುವುದೆಲ್ಲ ಬರೆದ ಕರಾರು ವೈನರಿಯೊಂದರಿಂದ ಕೈಗೆ ಬಂದ ಮೇಲೆ ಗುಂಡಿ ತೋಡಿ.